ಹಾಲ್ ಸಾಕು! ಕೆಡವಿ ಕಟ್ಟಿ!

ಸೋಲುವುದರಲ್ಲಿ ಮೊದಲನೇ ಸ್ಥಾನ ಬಂದವರಿಗೂ ಅನ್ಯಾಯವಾಗುತ್ತದೆ ಎಂಬ ಸತ್ಯ ಎಲ್ಮರ್ ಬೋದ್ನಾರನಿಗೆ ತಿಳಿದದ್ದು ಮೇ ತಿಂಗಳ ಒಂದು ಸಂಜೆ, ಬಾಯಲ್ಲಿ ಅರ್ಧ ಸಾಸೇಜು ಇರುವಾಗ.

ಆ ವರ್ಷ ಅವನ ಊರಾದ ಟೊಲೆಡೊದ ಗ್ಲಾಸ್ಮೆನ್ ತಂಡ ಇಡೀ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು ಸೋತಿತ್ತು. ಏನೋ ಕೈತಪ್ಪಿ ಸೋತದ್ದಲ್ಲ. ಶ್ರದ್ಧೆಯಿಂದ, ನಿಯಮ ನಿಷ್ಠೆಯಿಂದ, ಒಂದು ವ್ರತದ ಹಾಗೆ ಸೋತಿತ್ತು. ಯಾಕೆಂದರೆ ಈ ಆಟದ ಲೋಕದಲ್ಲಿ ಒಂದು ವಿಚಿತ್ರ ಧರ್ಮವಿದೆ. ಹೊಸದಾಗಿ ಬರುವ ಹುಡುಗರಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನು ಆರಿಸಿಕೊಳ್ಳುವ ಅವಕಾಶ ಸೋತವರಿಗೇ ಮೊದಲು. ಆದರೆ ಹಾಗೆಂದು ಸಲೀಸಾಗಿ ಕೊಟ್ಟುಬಿಟ್ಟರೆ ಎಲ್ಲರೂ ಬೇಕಂತಲೇ ಸೋತಾರು ಎಂದು ನಡುವೆ ಒಂದು ಲಾಟರಿ ಇಟ್ಟಿದ್ದಾರೆ. ಯಂತ್ರದೊಳಗೆ ಪಿಂಗ್‌ಪಾಂಗ್ ಚೆಂಡುಗಳು ಕುದಿಯುವ ಅಕ್ಕಿಯ ಹಾಗೆ ಕುಣಿಯುತ್ತವೆ. ಯಾವ ಚೆಂಡು ಮೇಲೆ ಬರುತ್ತದೋ ಅದರ ಮೇಲೆ ಊರೂರುಗಳ ಹಣೆಬರಹ.

ಎಲ್ಮರನ ಕೆಲಸ ಕಾರುಗಳ ಒಡೆದ ಮುಂಗಾಜು ಬದಲಿಸುವುದು. ಆದರೆ ಅದು ಬರೀ ಹೊಟ್ಟೆಪಾಡು. ಒಳಗೆ ಅವನು ಗ್ಲಾಸ್ಮೆನ್ ತಂಡದ ಮ್ಯಾನೇಜರ್. ತಂಡಕ್ಕೆ ಮಾತ್ರ ಅದು ಗೊತ್ತಿರಲಿಲ್ಲ. ಆ ಚಳಿಗಾಲವಿಡೀ ಅವನು ತನ್ನ ತಂಡ ಸೋಲಲಿ ಎಂದು ಟಿವಿ ಮುಂದೆ ಕೈಮುಗಿದು ಕೂತಿದ್ದ. ಅಪ್ಪಿತಪ್ಪಿ ಗೆದ್ದ ದಿನ ಅನ್ನ ನೀರು ಬಿಡುತ್ತಿದ್ದ. ಆ ವರ್ಷದ ಹೊಸಬರಲ್ಲಿ ಮೊದಲಿಗನಾದ ಕೆಲ್ವಿನ್ ಓಟ್ಸ್ ಎಂಬ ಏಳಡಿ ಮೂರಂಗುಲದ ಹುಡುಗ, ನಿಂತಲ್ಲೇ ಟ್ಯೂಬ್‌ಲೈಟ್ ಬದಲಿಸಬಲ್ಲವನು, ಟೊಲೆಡೊಗೆ ಬಂದೇ ಬರುತ್ತಾನೆಂದು ಬೆನ್ನ ಮೇಲೆ 'ಓಟ್ಸ್' ಎಂದು ಬರೆಸಿದ ಅಂಗಿಯನ್ನೂ ಹೊಲಿಸಿ ಹಾಕಿಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇದು ಏಳಡಿಯ ಕುಲಾವಿ.

ಟಿವಿಯಲ್ಲಿ ಸೂಟು ಹಾಕಿದವನೊಬ್ಬ ಒಂದೊಂದೇ ಲಕೋಟೆ ಬಿಡಿಸುತ್ತಾ ಕೆಳಗಿನ ಸ್ಥಾನಗಳಿಂದ ಮೇಲಕ್ಕೆ ಬಂದ. ಐದನೆಯದನ್ನು ಬಿಡಿಸಿದ. "ಟೊಲೆಡೊ ಗ್ಲಾಸ್ಮೆನ್."

ಸಾಸೇಜು ಬಾಯಿಂದ ಬಿತ್ತು.

"ಐದು ಒಳ್ಳೇದೇ ಅಲ್ವಾ?" ಎಂದಳು ಹೆಂಡತಿ ಮಾರ್ಜಿ, ಬಟ್ಟೆ ಮಡಚುತ್ತಾ.

"ಒಳ್ಳೇದಾ? ಮಾರ್ಜಿ, ಕಡೇ ಸ್ಥಾನದಲ್ಲಿದ್ದ ತಂಡ ಐದಕ್ಕಿಂತ ಕೆಳಗೆ ಬೀಳೋ ಹಾಗೇ ಇಲ್ಲ, ನಿಯಮ ಇದೆ! ಬೀಳಬಹುದಾದಷ್ಟೂ ಬಿದ್ವಿ ನಾವು!"

"ಹಾಗಾದ್ರೆ ಇನ್ನು ಬೀಳೋಕೆ ಜಾಗ ಇಲ್ಲ ಅನ್ನು. ನೆಲದ ಮೇಲೆ ಬಿದ್ದಿದೆಯಲ್ಲ, ಅದನ್ನ ಎತ್ತು."

ಮಹಡಿ ಮೇಲಿಂದ ಅತ್ತೆ ಇರ್ಮಾಳ ದನಿ ಬಂತು: "ಯಾರು ಸತ್ತಿದ್ದು?"

"ಯಾರೂ ಇಲ್ಲಮ್ಮ. ಲಾಟರಿ ಹೊಡೀಲಿಲ್ಲ," ಎಂದಳು ಮಾರ್ಜಿ.

"ಟಿಕೇಟೇ ತಗೊಳ್ಳದೆ ಇವನಿಗೆ ಲಾಟರಿ ಹೇಗೆ ಹೊಡೆಯುತ್ತೆ?" ಎಂದಿತು ಮಹಡಿ.

ಆದರೆ ಮಹಾಪುರುಷರು ಬಿದ್ದಲ್ಲೇ ಮಲಗುವುದಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಎಲ್ಮರನ ತಲೆಯಲ್ಲಿ ಗ್ಲಾಸ್ಮೆನ್ ತಂಡದ ಪುನರ್ನಿರ್ಮಾಣ ಯೋಜನೆ ಸಿದ್ಧವಾಗಿತ್ತು. ಅದರ ಮೊದಲ ಮತ್ತು ಮುಖ್ಯ ಅಂಶ ರಾಯ್ಸ್ ಹಾಲ್. ಈ ಹಾಲ್ ತಂಡದ ನಡುವೆ ನಿಂತು ಆಡುವ ಏಳಡಿಯ ಹಿರಿಯ. ಮೂವತ್ತಾರು ವಯಸ್ಸು. ಅವನು ಓಡಿದರೆ ಮಂಡಿಯ ಕಿರ್ ಕಿರ್ ಸದ್ದು ಕ್ರೀಡಾಂಗಣದ ಕೊನೇ ಸಾಲಿಗೆ ಕೇಳುತ್ತಿತ್ತು. ಹಾಲ್‌ನನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಎಳೆಯರಿಬ್ಬರನ್ನು ತಂದು, ಉಳಿದದ್ದನ್ನೆಲ್ಲ ಖಾಲಿ ಮಾಡಿ ಮೊದಲಿಂದ ಕಟ್ಟಬೇಕು. ಎಲ್ಮರ್ ಇದನ್ನು ಹೇಳಲು ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿದ. ಮೂರು ಜಾಹೀರಾತು ಕೇಳಿಸಿ, ಅವನು "ಹಾಲ್..." ಎನ್ನುವಷ್ಟರಲ್ಲಿ ಲೈನು ಕತ್ತರಿಸಿದರು.

ಸರಿ, ಉಳಿದದ್ದು ಅಂಗಳ. ಟೊಲೆಡೊದ ನದಿಯ ಪೂರ್ವ ದಂಡೆಯ ಆ ಹಂಗೇರಿಯನ್ನರ ಬೀದಿಯಲ್ಲಿ ಅಭಿಪ್ರಾಯ ಎಂದರೆ ಅಂಗಳದ ಹುಲ್ಲಿನಲ್ಲಿ ನೆಟ್ಟ ಬೋರ್ಡು. ಮೇಯರ್ ಯಾರಾಗಬೇಕು, ಯಾರ ಬೆಕ್ಕು ಕಳೆದಿದೆ, ಯಾರ ಮಗಳು ಪಾಸಾದಳು, ಎಲ್ಲವೂ ಬೋರ್ಡಿನಲ್ಲೇ. ಬೋರ್ಡಿಲ್ಲದ ಅಭಿಪ್ರಾಯ ಅಲ್ಲಿ ಗೊಣಗಾಟಕ್ಕೆ ಸಮ.

ಎಲ್ಮರ್ ಗ್ಯಾರೇಜಿನಿಂದ ಬಾಗಿಲಿನಷ್ಟು ದೊಡ್ಡ ಪ್ಲೈವುಡ್ ಹಲಗೆ ಎಳೆದು, ಕೆಂಪು ಬಣ್ಣದಲ್ಲಿ ಬರೆಯತೊಡಗಿದ. 'ಹಾಲ್ ಸಾಕು! ಎಲ್ಲಾ ಕೆಡವಿ! ಮೊದಲಿಂದ ಕಟ್ಟಿ!' ಕೆಳಗೆ 'ಗ್ಲಾಸ್ಮೆನ್ ಅಭಿಮಾನಿ' ಎಂದು ಬರೆಯುವುದು ಬಾಕಿ ಇತ್ತು. ಆದರೆ ಉತ್ಸಾಹದಲ್ಲಿ ಮೊದಲ ಸಾಲಿನ ಅಕ್ಷರಗಳು ಎಮ್ಮೆಗಳಷ್ಟು ದೊಡ್ಡವಾಗಿಬಿಟ್ಟು ಕೆಳಗೆ ಇರುವೆಗೂ ಜಾಗ ಉಳಿಯಲಿಲ್ಲ. 'ಹೋಗಲಿ, ಟೊಲೆಡೊದಲ್ಲಿ ಹಾಲ್ ಅಂದ್ರೆ ಯಾರು ಅಂತ ಯಾರಿಗೆ ಗೊತ್ತಿಲ್ಲ!' ಎಂದುಕೊಂಡು ಹಲಗೆಯನ್ನು ಅಂಗಳದಲ್ಲಿ ನೆಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಕೃತಿಗೆ ತಾನೇ ತಲೆದೂಗಿದ.

ಅವನು ಅಂದುಕೊಂಡದ್ದು ನಿಜ. ಹಾಲ್ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂತ ಇಮ್ರೆ ಚರ್ಚಿನ ಪಕ್ಕದ ಹಳೇ ಇಟ್ಟಿಗೆ ಕಟ್ಟಡ! ಎರಕದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇವರ ಅಜ್ಜಂದಿರು ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊತ್ತು ಕಟ್ಟಿದ್ದು. ಮೇಲೆ ಮದುವೆ, ಕುಣಿತ, ಮಕ್ಕಳ ಚೆಂಡಾಟ. ಕೆಳಗೆ ನೆಲಮಾಳಿಗೆಯ ಅಡುಗೆಮನೆಯಲ್ಲಿ ಪ್ರತಿ ಗುರುವಾರ ಇರ್ಮಾಳ ಮುಂದಾಳತ್ವದಲ್ಲಿ ಹೆಂಗಸರು ಕೋಳಿ ಸಾರಿಗೆ ಶಾವಿಗೆ ಹೊಸೆಯುವುದು. ಆ ಕಟ್ಟಡವನ್ನು ಕೆಡವಿ ನದೀತೀರಕ್ಕೆ ಬರುವ ಕಾರುಗಳಿಗೆ ನಿಲ್ದಾಣ ಮಾಡಬೇಕೆಂದು ನಗರಸಭೆ ಹೊರಟಿತ್ತು. ಮುಂದಿನ ವಾರವೇ ಮತದಾನ.

ಎಲ್ಮರ್ ನದಿಯ ಆಚೆ ದಂಡೆಯಿಂದ ಬಂದ ಮನೆಅಳಿಯ. ಆ ಕಟ್ಟಡವನ್ನು ಅವನು 'ಚರ್ಚಿನ ಗೋಡೌನು' ಎಂದೇ ಕರೆಯುತ್ತಿದ್ದದ್ದು. ನಗರಸಭೆಯ ವಿಷಯವನ್ನು ಮಾರ್ಜಿ ಚಳಿಗಾಲದಲ್ಲೇ ಹೇಳಿದ್ದಳು, ಒಂದಲ್ಲ ಮೂರು ಸಲ. ಮೂರು ಸಲವೂ ಟಿವಿಯಲ್ಲಿ ಗ್ಲಾಸ್ಮೆನ್ ಸೋಲುತ್ತಿದ್ದರು. ಮೂರು ಸಲವೂ ಎಲ್ಮರ್ "ಹೂಂ" ಎಂದಿದ್ದ.

ಮರುದಿನ ಬೆಳಿಗ್ಗೆ ಎದುರು ಮನೆಯ ಲೂ ಟಕಾಚ್ ಕಾಫಿ ಲೋಟ ಹಿಡಿದು ರಸ್ತೆ ದಾಟಿ ಬಂದ. ಅಗ್ನಿಶಾಮಕ ಗಾಡಿ ಓಡಿಸಿ ನಿವೃತ್ತನಾದವನು. ಎಲ್ಲಿ ಹೊಗೆ ಕಂಡರೂ ನಿಲ್ಲಲಾರ.

"ಈ ಬೋರ್ಡು ನೀನೇ ಬರೆದಿದ್ದಾ?"

"ನಾನೇ. ಅಕ್ಷರ ಹೇಗಿದೆ?"

"ಅಕ್ಷರಕ್ಕೆ ಬೆಂಕಿ ಬಿತ್ತು. ಹಾಲ್ ಸಾಕು ಅಂದ್ರೆ ಏನಯ್ಯಾ ಅರ್ಥ?"

"ಸಾಕು ಅಂದ್ರೆ ಸಾಕು ಲೂ! ಎಷ್ಟು ವರ್ಷ ಅಂತ ಎಳೆಯೋದು? ಹಾಲ್‌ಗೆ ವಯಸ್ಸಾಯ್ತು. ಒಂದು ಕಡೆ ವಾಲ್ಕೊಂಡು ನಿಂತಿರೋದು ನಿನ್ನ ಕಣ್ಣಿಗೆ ಕಾಣಲ್ವಾ?"

"ವಾಲಿದ್ರೆ ಒತ್ತು ಕೊಡ್ತಾರೆ, ಬೀಳಿಸ್ತಾರಾ? ನನ್ನ ಎರಡನೇ ಮದುವೆಗೆ ಹಾಲ್ ಸಿಗದೇ ಹೋಗಿದ್ರೆ ನಾನು ನಡುಬೀದೀಲಿ ಕುಣೀಬೇಕಿತ್ತು ಕಣೋ!"

ಎಲ್ಮರ್ ಬೆಚ್ಚಿಬಿದ್ದ. "ನಿನ್ನ ಮದುವೆ ಕುಣಿತಕ್ಕೆ... ಹಾಲ್?"

"ಮತ್ತೆ? ಬೆಳಗಾಗೋವರೆಗೆ!"

ಲೂ ಸಿಟ್ಟಿನಿಂದ ಕಾಫಿ ಚೆಲ್ಲಿಕೊಂಡು ಹೊರಟುಹೋದ. ಎಲ್ಮರನಿಗೆ ಮಾತ್ರ ಏಳಡಿಯ ರಾಯ್ಸ್ ಹಾಲ್ ಐದಡಿಯ ಲೂನ ಸೊಂಟ ಹಿಡಿದು ಬೆಳಗಿನವರೆಗೆ ಕುಣಿದ ದೃಶ್ಯ ಕಣ್ಣ ಮುಂದಿಂದ ಹೋಗಲೊಲ್ಲದು. ಮಂಡಿ ಹಾಳಾಗಿದ್ದು ಸುಮ್ಮನೆ ಅಲ್ಲ ಎಂದುಕೊಂಡ. ಸಂಜೆಯ ಹೊತ್ತಿಗೆ ಲೂನ ಅಂಗಳದಲ್ಲಿ ಒಂದು ಬೋರ್ಡು ಎದ್ದಿತ್ತು: 'ಹಾಲ್ ಉಳಿಸಿ.'

ಎರಡು ದಿನ ಬಿಟ್ಟು ಅಂಗಡಿಗೆ ಫಾದರ್ ಮಿಕ್ಲೋಶ್ ಬಂದರು. ಕಾರಿನ ಮುಂಗಾಜಿಗೆ ಕಲ್ಲು ಬಡಿದಿದೆ ಎಂಬುದು ನೆಪ.

"ಎಲ್ಮರ್, ಮಗು, ಹಾಲ್ ಮೇಲೆ ನಿನಗೆ ಯಾಕಪ್ಪಾ ಇಷ್ಟು ಸಿಟ್ಟು?"

"ಸಿಟ್ಟಲ್ಲ ಫಾದರ್, ವಿಜ್ಞಾನ. ಮೇಲ್ಗಡೆ ಏನೋ ಪರವಾಗಿಲ್ಲ. ಕೆಳಗಡೆ ಪೂರ್ತಿ ಹೋಗಿದೆ."

ಫಾದರ್ ತಲೆ ತಗ್ಗಿಸಿದರು. "ನಿಜ. ಕೆಳಗೆ ನೀರು ಸೇರ್ಕೊಂಡಿದೆ."

"ನೀರಾ!"

"ಮಳೆಗಾಲ ಬಂದ್ರೆ ಜಾಸ್ತಿ. ಪಂಪ್ ಹಾಕಿಸಿದೀವಿ."

"ಪಂಪಾ!" ಎಲ್ಮರನ ಕೈಯಿಂದ ಅಂಟಿನ ಡಬ್ಬಿ ಜಾರಿತು. ಮಂಡಿಯಲ್ಲಿ ನೀರು ತುಂಬಿದ್ದನ್ನು ತಂಡದ ಡಾಕ್ಟರುಗಳೇ ಬಾಯಿಬಿಟ್ಟಿರಲಿಲ್ಲ. ಫಾದರಿಗೆ ಹೇಗೆ ಗೊತ್ತಾಯಿತು? ಪಾಪನಿವೇದನೆಯಲ್ಲೇ ಗೊತ್ತಾಗಿರಬೇಕು. ಕೇಳಬಾರದ್ದನ್ನು ಕೇಳಿದವನಂತೆ ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ನೋವು... ತುಂಬಾನಾ ಫಾದರ್?"

"ನೋವೇ ಅಲ್ವಾ ಮಗು. ನಮ್ಮೆಲ್ಲರಿಗೂ ನೋವೇ," ಎಂದರು ಫಾದರ್. ಅವರು ಹೋದ ಮೇಲೂ ಎಲ್ಮರನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಬ್ಬರ ಹ್ಯುಂಡೈಗೆ ಇನ್ನೊಬ್ಬರ ಫೋರ್ಡ್ ಗಾಜು ಕೂರಿಸಲು ಅರ್ಧ ಗಂಟೆ ಒದ್ದಾಡಿದ.

ಮನೆಗೆ ಬಂದರೆ ಮೇಜಿನ ಮೇಲೆ ಅವನ ಪಾಲಿಗೆ ಉಪ್ಪಿಲ್ಲದ ಬೆಂದ ಆಲೂಗಡ್ಡೆ ಒಂದು, ಒಂಟಿಯಾಗಿ. ಎದುರಿಗೆ ಮಾರ್ಜಿ ಮತ್ತು ಅತ್ತೆ ಹಬೆಯಾಡುವ ಶಾವಿಗೆ ಸಾರು ಸೊರ್ ಸೊರ್ ಎಂದು ಕುಡಿಯುತ್ತಿದ್ದರು.

"ಅತ್ತೆ, ನನಗೆ ಸಾರು?"

"ಹಾಲ್ ಬೇಡ ಅನ್ನೋರಿಗೆ ಶಾವಿಗೆ ಯಾಕೆ?"

"ಹಾಲ್‌ಗೂ ಶಾವಿಗೆಗೂ ಏನತ್ತೆ ಸಂಬಂಧ?"

ಇರ್ಮಾ ಚಮಚ ಕೆಳಗಿಟ್ಟಳು. ಆಕೆ ಚಮಚ ಕೆಳಗಿಟ್ಟರೆ ಪಕ್ಕದ ಮನೆಯ ನಾಯಿ ಮಂಚದಡಿ ಹೋಗುತ್ತದೆ. "ಏನು ಸಂಬಂಧಾನಾ? ಗುರುವಾರ ಗುರುವಾರ ನಾವು ಹೆಂಗಸರು ಬೆರಳು ಸವೆಸೋದು ಯಾರನ್ನ ನಂಬ್ಕೊಂಡು ಅಂದ್ಕೊಂಡಿದೀಯ? ಹಾಲ್‌ನ! ಹಾಲ್ ತುಂಬಾ ನಮ್ಮ ಶಾವಿಗೆನೇ! ಗುರುವಾರ ಬಂದು ನೋಡು, ಅಲ್ಲಾಡೋಕೆ ಜಾಗ ಇರಲ್ಲ!"

ಎಲ್ಮರ್ ಆಲೂಗಡ್ಡೆಯನ್ನು ಬಾಯಿಗಿಡಲು ಮರೆತ. ಇಷ್ಟು ವರ್ಷ ರಾಯ್ಸ್ ಹಾಲ್ ಯಾಕೆ ಅಲ್ಲಾಡುವುದಿಲ್ಲ ಎಂದು ಊರಿನ ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದರು. ಕಾರಣ ತನ್ನ ಮನೆಯಲ್ಲೇ ಸಾರು ಕುಡಿಯುತ್ತಿದೆ!

ಮಾರ್ಜಿ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ಕಿಟಕಿಯಾಚೆಗಿನ ಬೋರ್ಡು ನೋಡಿದಳು, ಆಮೇಲೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಎದ್ದುಹೋದಳು. ಒಳಗಿಂದ ಕೆಮ್ಮಿನ ಹಾಗಿರುವ ಒಂದು ಸದ್ದು ಬಹಳ ಹೊತ್ತು ಬರುತ್ತಿತ್ತು. ಮರುದಿನ ಎಲ್ಮರನ ಬೋರ್ಡಿನ ಪಕ್ಕದಲ್ಲೇ, ಅದೇ ಅಂಗಳದಲ್ಲೇ, ಅತ್ತೆಯ ಬೋರ್ಡು ನಿಂತಿತ್ತು: 'ಹಾಲ್ ಮುಟ್ಟಿದವರ ಕೈ ಮುರಿಯುತ್ತೇವೆ.'

ಈ ಎರಡು ಬೋರ್ಡುಗಳ ನಡುವೆಯೇ ಶುಕ್ರವಾರ ಗ್ವೆನ್ ಪ್ರಿಚರ್ಡ್ ಎಂಬಾಕೆ ಕಾರು ನಿಲ್ಲಿಸಿದ್ದು. ನಗರಸಭೆಯ ಕಟ್ಟಡ ಇಲಾಖೆಯ ಅಧಿಕಾರಿ. ಮೂರು ತಿಂಗಳಿಂದ ಆ ಬಡಾವಣೆ ಸುತ್ತಿ ಬಾಗಿಲು ಬಾಗಿಲಲ್ಲೂ ಬೈಸಿಕೊಂಡವಳು. ಎಲ್ಮರನ ಬೋರ್ಡು ಕಂಡು ಆಕೆಗೆ ಮರುಭೂಮಿಯಲ್ಲಿ ಐಸ್‌ಕ್ರೀಂ ಗಾಡಿ ಕಂಡಂತಾಯಿತು. ಬೇರೆ ಬೇರೆ ಕೋನದಿಂದ ಅದರ ಫೋಟೋ ಹೊಡೆದು, ಬಾಗಿಲು ತಟ್ಟಿದಳು.

"ಮಿಸ್ಟರ್ ಬೋದ್ನಾರ್, ನಾನು ನಗರಸಭೆಯಿಂದ ಬಂದಿದೀನಿ. ಹಾಲ್ ವಿಷಯದಲ್ಲಿ ನಿಮ್ಮಷ್ಟು ದೂರಾಲೋಚನೆ ಇರೋರು ಈ ಕಡೆ ಇನ್ನೊಬ್ಬರಿಲ್ಲ."

ಎಲ್ಮರನ ಎದೆ ಸೈಕಲ್ ಟ್ಯೂಬಿನಂತೆ ಉಬ್ಬಿತು. ಕ್ರೀಡಾಂಗಣ ನಗರಸಭೆಯದು, ತಂಡದ ವಿಷಯದಲ್ಲಿ ನಗರಸಭೆ ಕೈಹಾಕುವುದು ಸಹಜ. ಕೊನೆಗೂ ಮೇಲಿನವರ ಕಿವಿಗೆ ಬಿತ್ತು! ನಿಂಬೆ ಪಾನಕ ತರಿಸಿದ.

"ಹಾಲ್ ಹೋದ ಮೇಲೆ ಆ ಜಾಗದಲ್ಲಿ ಏನು ಬರಬೇಕು ಅಂತೀರಿ?" ಎಂದು ಆಕೆ ಪೆನ್ನು ತೆಗೆದಳು.

"ಮೊದಲು ಏನೂ ಬರಬಾರದು!" ಎಂದ ಎಲ್ಮರ್, ಕಣ್ಣರಳಿಸಿ. "ಖಾಲಿ ಜಾಗ ಬೇಕು ಮೇಡಂ, ಖಾಲಿ ಜಾಗ. ಇವತ್ತಿನ ಕಾಲದಲ್ಲಿ ಖಾಲಿ ಜಾಗಕ್ಕಿಂತ ದೊಡ್ಡ ಆಸ್ತಿ ಇಲ್ಲ. ಜಾಗ ಖಾಲಿ ಇದ್ರೆ ತಾನೆ ಹೊರಗಿನಿಂದ ದೊಡ್ಡ ದೊಡ್ಡವರು ಬಂದು ನಿಲ್ಲೋದು?"

"ದೊಡ್ಡ ದೊಡ್ಡವು ಬಂದು ನಿಲ್ಲೋಕೆ," ಎಂದು ಬರೆದುಕೊಳ್ಳುತ್ತಾ ಪ್ರಿಚರ್ಡ್ ಆನಂದಬಾಷ್ಪ ಒರೆಸಿಕೊಂಡಳು. "ಎಷ್ಟು ನಿಲ್ಲಬಹುದು?"

"ನನ್ನ ಲೆಕ್ಕದಲ್ಲಿ ಎರಡು. ಜಾಣತನ ಮಾಡಿದ್ರೆ ಮೂರು."

"ಬರೀ ಮೂರಾ? ನಾವು ಎಂಬತ್ತು ಅಂದ್ಕೊಂಡಿದೀವಿ!"

ಎಲ್ಮರ್ ಪಾನಕ ನುಂಗಲಾರದೆ ಕೂತ. ಎಂಬತ್ತು ಆಟಗಾರರು! ನಗರಸಭೆಯವರ ಕನಸು ತನ್ನ ಕನಸಿಗಿಂತ ದೊಡ್ಡದಿದೆ ಎಂದು ಮನಸ್ಸಿನಲ್ಲೇ ನಮಸ್ಕರಿಸಿದ. ಮಂಗಳವಾರ ಸಭೆಗೆ ಬಂದು ಮೂರು ನಿಮಿಷ ಮಾತಾಡಲು ಕೂಡಲೇ ಒಪ್ಪಿದ.

ಭಾಷಣ ಅಭ್ಯಾಸ ಮಾಡಲೆಂದು ಸೋಮವಾರ ಸಂಜೆ ಅವನು ಬೀದಿಯ ತುದಿಯವರೆಗೆ ನಡೆದ. ಆಗ ಕಂಡದ್ದು. ಒಂದು ಅಂಗಳ ಖಾಲಿ ಇರಲಿಲ್ಲ! 'ಹಾಲ್ ನಮ್ಮದು.' 'ಹಾಲ್ ಇಲ್ಲದೆ ನಾವಿಲ್ಲ.' ಮುದುಕಿಯೊಬ್ಬಳ ಗುಲಾಬಿ ಗಿಡದಲ್ಲಿ 'ನನ್ನ ಗಂಡನಿಗೂ ಹಾಲ್ ಎಂದರೆ ಪ್ರಾಣವಾಗಿತ್ತು.' ಸಣ್ಣ ಮಗು ಬಣ್ಣದ ಕಡ್ಡಿಯಲ್ಲಿ ಬರೆದದ್ದು, ಅಕ್ಷರ ಒಂದೊಂದು ಒಂದೊಂದು ದಿಕ್ಕಿಗೆ: 'ಹಾಲ್ ಅಂದ್ರೆ ನಂಗಿಷ್ಟ.'

ಎಲ್ಮರನ ಕಾಲು ನಿಂತುಹೋಯಿತು. ಈ ಬೀದಿಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವವನು ತಾನೊಬ್ಬನೇ ಎಂದು ಅವನು ಹತ್ತು ವರ್ಷ ಬೀಗಿದ್ದ. ಇವರೆಲ್ಲ ಬಾಯಿಬಿಡದೆ, ಅಂಗಿ ಹೊಲಿಸದೆ, ರೇಡಿಯೊಗೆ ಫೋನ್ ಮಾಡದೆ, ಒಬ್ಬ ಮಂಡಿ ಹೋದ ಮನುಷ್ಯನನ್ನು ಇಷ್ಟು ಪ್ರೀತಿಸುತ್ತಿದ್ದರೇ? ತಾನು ನೋಡದ್ದು ಏನನ್ನು ಇವರು ನೋಡಿದರು?

ಮನೆಗೆ ಬಂದು ಹಳೇ ಪಂದ್ಯಗಳನ್ನು ಹಾಕಿಕೊಂಡು ಕೂತ. ಈ ಸಲ ಅಂಕ ನೋಡಲಿಲ್ಲ, ಹಾಲ್‌ನನ್ನು ಮಾತ್ರ ನೋಡಿದ. ಎದುರಾಳಿಯ ಗೂಳಿಯಂಥ ಹುಡುಗರು ನುಗ್ಗಿ ಬಂದಾಗ ಎದೆ ಕೊಟ್ಟು ಬೀಳುವವನು ಹಾಲ್. ಯಾರದೋ ಕೈತಪ್ಪಿದ ಚೆಂಡಿಗೆ ಮೂವತ್ತಾರನೇ ವಯಸ್ಸಿನಲ್ಲಿ ನೆಲಕ್ಕೆ ಹಾರುವವನು ಹಾಲ್. ಮೂವತ್ತು ಅಂಕಗಳಿಂದ ಸೋಲುತ್ತಿರುವಾಗಲೂ ಬೆಂಚಿನ ಮುಂದೆ ಎದ್ದು ನಿಂತು ಎಳೆಯರಿಗೆ ಚಪ್ಪಾಳೆ ತಟ್ಟುವವನು ಹಾಲ್. ಬೇರೆ ಊರಿನವರು ಎಷ್ಟೋ ಸಲ ಕರೆದಿದ್ದರು; ಹೋಗಿರಲಿಲ್ಲ. ಎಲ್ಮರ್ ಸೋಲಲಿ ಎಂದು ಕೈಮುಗಿದ ಒಂದೊಂದು ರಾತ್ರಿಯೂ ಆ ಮನುಷ್ಯ ಗೆಲ್ಲಲೆಂದು ಮಂಡಿ ಸವೆಸುತ್ತಿದ್ದ.

"ಅಳ್ತಿದೀಯಾ?" ಎಂದಳು ಮಾರ್ಜಿ.

"ಈರುಳ್ಳಿ."

"ಮನೇಲಿ ಈರುಳ್ಳಿ ಮುಗಿದು ಎರಡು ದಿನ ಆಯ್ತು," ಎಂದಳಾಕೆ. ಆದರೂ ಪಕ್ಕದಲ್ಲಿ ಬಂದು ಕೂತಳು.

ಮಂಗಳವಾರ ನಗರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಇರ್ಮಾ ಮತ್ತು ಶಾವಿಗೆ ಹೆಂಗಸರು ಏಪ್ರನ್ ಸಮೇತ, ಕೈಕಟ್ಟಿ, ಯುದ್ಧಕ್ಕೆ ನಿಂತ ಪಡೆಯ ಹಾಗೆ. ಪ್ರಿಚರ್ಡ್ ದೊಡ್ಡ ಪರದೆಯ ಮೇಲೆ ಎಲ್ಮರನ ಬೋರ್ಡಿನ ಫೋಟೋ ಹಾಕಿ, "ಸ್ಥಳೀಯರ ಬೆಂಬಲ ಇಲ್ಲ ಅನ್ನೋರು ಇದನ್ನ ನೋಡಿ," ಎಂದಳು. ಬೀದಿಗೆ ಬೀದಿಯೇ ಎಲ್ಮರನ ಕಡೆ ತಿರುಗಿ, ಹಲ್ಲು ಕಡಿಯಿತು. ಅಧ್ಯಕ್ಷೆ ವಾಂಡಾ ಗ್ರೇ ಸುತ್ತಿಗೆ ಕುಟ್ಟಿದಳು. "ಮಿಸ್ಟರ್ ಬೋದ್ನಾರ್. ಮೂರು ನಿಮಿಷ."

ಎಲ್ಮರ್ ಮೈಕಿನ ಮುಂದೆ ನಿಂತ. ಮೈಯಲ್ಲಿ ಓಟ್ಸ್ ಅಂಗಿ. ಇದ್ದದ್ದರಲ್ಲಿ ಅದೊಂದೇ ಹೊಸದು.

"ಆ ಬೋರ್ಡು ಬರೆದೋನು ನಾನು. ಹಾಲ್ ಸಾಕು ಅಂತ ಬರೆದೋನು ನಾನೇ. ತಪ್ಪು ಬರೆದೆ."

ಪ್ರಿಚರ್ಡಳ ಪೆನ್ನು ಬಿತ್ತು.

"ಹಾಲ್‌ಗೆ ವಯಸ್ಸಾಗಿದೆ, ಇಲ್ಲ ಅನ್ನಲ್ಲ. ಕೆಳಗೆ ನೀರು ತುಂಬಿದೆ. ಪಂಪ್ ಹಾಕಿದಾರೆ." ಫಾದರ್ ಮಿಕ್ಲೋಶ್ ಭಾರವಾಗಿ ತಲೆದೂಗಿದರು. "ಸ್ವಲ್ಪ ಓಡಾಟ ಆದ್ರೆ ಸಾಕು, ಕಿರ್ ಕಿರ್ ಅನ್ನುತ್ತೆ."

"ನೆಲದ ಹಲಗೆ," ಎಂದು ಲೂ ಪಕ್ಕದವರಿಗೆ ಪಿಸುಗುಟ್ಟಿದ.

"ಆದ್ರೆ ನಮ್ಮ ಕೆಟ್ಟ ಕಾಲದಲ್ಲಿ ಬಿಟ್ಟು ಹೋಗದೆ ನಡುವೆ ಗಟ್ಟಿಯಾಗಿ ನಿಂತಿದ್ದು ಯಾರು? ಹಾಲ್! ನಮ್ಮತ್ತೆ ಹೊಸೆದ ಶಾವಿಗೆನೆಲ್ಲಾ ಹೊಟ್ಟೇಲಿ ಹಾಕ್ಕೊಂಡಿದ್ದು ಯಾರು? ಹಾಲ್! ಲೂ ಎರಡನೇ ಮದುವೇಲಿ ಬೆಳಗಾಗೋವರೆಗೆ ಕುಣಿಯೋಕೆ ಸಿಕ್ಕಿದ್ದು ಯಾರು?"

"ಹಾಲ್!" ಎಂದು ಸಭೆ ಗುಡುಗಿತು.

"ಹೊಸದು ಹೊಸದು ಅಂತ ನಾವು ಲಾಟರಿ ಹಿಂದೆ ಓಡ್ತೀವಿ. ಕೈಯಲ್ಲಿರೋ ಹಳೇದನ್ನ ಕಣ್ಣೆತ್ತಿ ನೋಡಲ್ಲ. ಕೆಡವೋದು ಸುಲಭ ಅಮ್ಮಾ, ಹಲಗೆ ಮೇಲೆ ಬರೆಯೋದು ಇನ್ನೂ ಸುಲಭ. ಬೀಳ್ತಾ ಬೀಳ್ತಾನೇ ಎಲ್ಲರನ್ನೂ ಎತ್ತಿ ಹಿಡಿಯೋದಿದೆಯಲ್ಲ, ಅದು ಕಷ್ಟ. ಹಾಲ್ ಉಳಿಸಿ!"

ಶಾವಿಗೆ ಹೆಂಗಸರು ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ಇರ್ಮಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಮದುವೆಯಾದ ದಿನದಿಂದ ಆಕೆ ಅಳಿಯನಿಗೆ ತಟ್ಟಿದ ಮೊದಲ ಚಪ್ಪಾಳೆ. ಅಧ್ಯಕ್ಷೆ ಕೂಡ ಕನ್ನಡಕ ತೆಗೆದು ಒರೆಸಿಕೊಂಡಳು.

"ತುಂಬಾ ಚೆನ್ನಾಗಿ ಹೇಳಿದ್ರಿ ಮಿಸ್ಟರ್ ಬೋದ್ನಾರ್. ಆದ್ರೆ ದುರಸ್ತಿ? ಖರ್ಚು ಮಾಡಿ ಸರಿ ಮಾಡಿಸಿದ್ರೂ ಎಷ್ಟು ದಿನ ಬರುತ್ತೆ?"

"ಎರಡೂ ಮಂಡಿ ಆಪರೇಷನ್ ಮಾಡಿಸಿಬಿಟ್ರೆ ಇನ್ನೆರಡು ವರ್ಷ ಆರಾಮಾಗಿ ಓಡ್ತಾನೆ."

ಚಪ್ಪಾಳೆ ನಿಂತಿತು.

"ಓಡ್ತಾನೆ?" ಎಂದಳು ಅಧ್ಯಕ್ಷೆ.

"ಓಡದಿದ್ರೂ ನಡೀತಾನೆ."

"ಹಾಲ್... ನಡೀತಾನೆ?"

"ಕುಣೀತಾನೂ ಕೂಡ. ಲೂನ ಕೇಳಿ."

ಅಧ್ಯಕ್ಷೆ ಕನ್ನಡಕ ಮತ್ತೆ ಹಾಕಿಕೊಂಡಳು. "ಮಿಸ್ಟರ್ ಬೋದ್ನಾರ್, ನೀವು ಯಾವ ಹಾಲ್ ಬಗ್ಗೆ ಮಾತಾಡ್ತಿದೀರಿ?"

"ರಾಯ್ಸ್ ಹಾಲ್. ಗ್ಲಾಸ್ಮೆನ್ ತಂಡದ ರಾಯ್ಸ್ ಹಾಲ್." ಎಲ್ಮರ್ ಸುತ್ತಲೂ ನೋಡಿದ. "ನೀವೆಲ್ಲಾ ಯಾವ ಹಾಲ್ ಬಗ್ಗೆ?"

ಹಿಂದಿನ ಸಾಲಿನಿಂದ ಮಾರ್ಜಿಯ ಆ ಕೆಮ್ಮಿನಂಥ ಸದ್ದು ಮೊದಲು ಬಂತು. ಆಮೇಲೆ ಲೂ. ಆಮೇಲೆ ಛಾವಣಿ ಹಾರಿಹೋಗುವಂತೆ ಇಡೀ ಸಭೆ. ಫಾದರ್ ಮಿಕ್ಲೋಶ್ "ಪಂಪು! ಪಂಪು!" ಎನ್ನುತ್ತಾ ಬೆಂಚಿನ ಮೇಲೆ ಒರಗಿಬಿಟ್ಟರು.

ಪ್ರಿಚರ್ಡ್ ಒಬ್ಬಳೇ ನಗಲಿಲ್ಲ. "ಮೇಡಂ, ಹಾಗಾದ್ರೆ ಇವರು ಈಗ ಹೇಳಿದ್ದು ಯಾವುದೂ ಲೆಕ್ಕಕ್ಕೆ ಬರಲ್ಲ!"

ಇರ್ಮಾ ಇನ್ನೂ ನಿಂತೇ ಇದ್ದಳು. "ಬರಬಾರದು! ಇವನು ಹೇಳಿದ್ದು ಬ್ಯಾಸ್ಕೆಟ್‌ಬಾಲ್. ಅಂದ್ರೆ ಇವನು ಬರೆದಿದ್ದೂ ಬ್ಯಾಸ್ಕೆಟ್‌ಬಾಲೇ. ಗೋಡೆ ಮೇಲೆ ತೋರಿಸ್ತಿದೀಯಲ್ಲಮ್ಮ ಫೋಟೋ, ಅದನ್ನ ಇಳಿಸು. ಅದು ಬಿಟ್ಟು ನಮ್ಮ ಕಟ್ಟಡ ಕೆಡವಿ ಅಂದೋರು ಇನ್ನೊಬ್ಬರ ಬೋರ್ಡು ತೋರಿಸು ನೋಡೋಣ!"

ಪ್ರಿಚರ್ಡ್ ಕಾಗದ ಮಗುಚಿದಳು. ಮತ್ತೆ ಮಗುಚಿದಳು. ಇನ್ನೊಂದು ಬೋರ್ಡು ಇರಲಿಲ್ಲ. ಪರದೆ ಖಾಲಿಯಾಯಿತು, ಎಲ್ಮರ್ ಹೇಳಿದ್ದ ಖಾಲಿ ಜಾಗ ಅದೊಂದೇ ಕೊನೆಗೆ ಆದದ್ದು. ಒಂದೇ ಒಂದು ಮತದ ಅಂತರದಲ್ಲಿ ಹಾಲ್ ಉಳಿಯಿತು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಎಲ್ಮರ್ ಮನೆಗೆ ಬರುವಾಗ ಹೆಂಡತಿಯನ್ನು ಕೇಳಿದ.

"ಆಲೂಗಡ್ಡೆ ದಿನ."

"ಹೇಳೋಕೇನಾಗಿತ್ತು ಮಾರ್ಜಿ!"

"ಹಾಲ್ ವಿಷಯ ಮೂರು ಸಲ ಹೇಳಿದ್ದೆ," ಎಂದಳು ಮಾರ್ಜಿ. "ಮೂರು ಸಲಾನೂ ನೀನು ಹೂಂ ಅಂದಿದ್ದೆ."

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಎಲ್ಮರ್ ತನ್ನದನ್ನು ಕಿತ್ತು ಗ್ಯಾರೇಜಿಗೆ ಹಾಕಿದರೂ ಉಳಿದ ಬೋರ್ಡುಗಳು ನಿಂತೇ ಇದ್ದವಲ್ಲ! ಒಂದು ಪತ್ರಿಕೆಯ ಕ್ರೀಡಾ ಪುಟದವನು, ನಗರಸಭೆಯ ಸುದ್ದಿಯನ್ನು ಎಂದೂ ಓದದ ಮಹಾನುಭಾವ, ಆ ದಾರಿಯಲ್ಲಿ ಹೋಗುತ್ತಾ ಅಂಗಳ ಅಂಗಳದಲ್ಲೂ 'ಹಾಲ್ ಉಳಿಸಿ' ಎಂದಿರುವುದನ್ನು ಕಂಡು ಗಾಡಿ ನಿಲ್ಲಿಸಿದ. ಮರುದಿನ ಅರ್ಧ ಪುಟದ ಫೋಟೋ: 'ಹಿರಿಯ ಆಟಗಾರನಿಗಾಗಿ ಬೀದಿಗಿಳಿದ ಪೂರ್ವ ದಂಡೆ.' ಅಷ್ಟರಲ್ಲಿ ತಂಡದ ನಿಜವಾದ ಮ್ಯಾನೇಜರುಗಳು ಹಾಲ್‌ನನ್ನು ಕೊಟ್ಟು ಎಳೆಯರಿಬ್ಬರನ್ನು ತರಲು, ಎಲ್ಮರನ ಮೂಲ ಯೋಜನೆಯ ಪ್ರಕಾರವೇ, ಕೈ ಕುಲುಕುವುದರಲ್ಲಿದ್ದರಂತೆ. ಕೈ ಮುರಿಯುತ್ತೇವೆ ಎಂದು ಇರ್ಮಾ ಬರೆದ ಬೋರ್ಡು ಫೋಟೋದ ನಟ್ಟನಡುವೆ ಇತ್ತು. ಓದಿ, ಕುಲುಕಬೇಕಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡರು. 'ಅಭಿಮಾನಿಗಳ ಪ್ರೀತಿಗೆ ತಲೆಬಾಗಿ' ರಾಯ್ಸ್ ಹಾಲ್‌ಗೆ ಇನ್ನೊಂದು ವರ್ಷ ಕೊಟ್ಟರು.

ಜುಲೈ ತಿಂಗಳ ಒಂದು ಗುರುವಾರ ಮಧ್ಯಾಹ್ನ ಬೀದಿಯ ತುದಿಯಲ್ಲಿ ಒಂದು ಕಾರು ನಿಂತಿತು. ಅದರಿಂದ ಮನುಷ್ಯನೊಬ್ಬ ಇಳಿದ. ಇಳಿಯುತ್ತಲೇ ಇದ್ದ, ಅಷ್ಟು ಉದ್ದ. ಒಂದೊಂದು ಅಂಗಳದ ಮುಂದೂ ನಿಂತು, ಒಂದೊಂದು ಬೋರ್ಡನ್ನೂ ಓದುತ್ತಾ, ಕಿರ್ ಕಿರ್ ಎಂದು ನಡೆದು ಬಂದ. ಬಣ್ಣದ ಕಡ್ಡಿಯ ಬೋರ್ಡಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತ. ಅವನು ಚರ್ಚಿನ ಹತ್ತಿರ ಬರುವಷ್ಟರಲ್ಲಿ ಬೀದಿಯವರೆಲ್ಲ ಅವನ ಹಿಂದಿದ್ದರು. ಎಲ್ಮರ್ ಕೆಲಸ ಬಿಟ್ಟು ಓಡಿ ಬಂದಿದ್ದ, ಕೈಯಲ್ಲಿ ಇನ್ನೂ ಅಂಟಿನ ಡಬ್ಬಿ.

ರಾಯ್ಸ್ ಹಾಲ್ ಟೋಪಿ ತೆಗೆದ. "ನಾನು ಹನ್ನೊಂದು ವರ್ಷ ಈ ಊರಲ್ಲಿ ಆಡಿದೀನಿ. ಸೋತಿದ್ದೇ ಜಾಸ್ತಿ. ಈ ಊರಲ್ಲಿ ನನಗೆ ಇಷ್ಟು ಜನ ಇದಾರೆ ಅಂತ ನನಗೆ..." ಅವನು ಬೋರ್ಡುಗಳ ಕಡೆ ಟೋಪಿ ತೋರಿಸಿದ. "ನನಗೆ ಗೊತ್ತೇ ಇರಲಿಲ್ಲ."

ಬೀದಿಯವರೆಲ್ಲ ಎಲ್ಮರನ ಮುಖ ನೋಡಿದರು. ಎಲ್ಮರ್ ಬಾಯಿ ತೆರೆದ. ಮಾರ್ಜಿ ಅವನ ಕಾಲು ತುಳಿದಳು.

ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇರ್ಮಾ ಬಂದಳು, ಕೈಯೆಲ್ಲ ಹಿಟ್ಟು. ಏಳಡಿಯನ್ನು ಕೆಳಗಿಂದ ಮೇಲಿನವರೆಗೆ ನಿಧಾನವಾಗಿ ನೋಡಿದಳು. "ಗೊತ್ತಿರಲಿಲ್ಲ ಅಂದ್ರೆ? ಬೀದಿ ತುಂಬಾ ಬರೆದು ನಿಲ್ಲಿಸಿದೀವಲ್ಲಪ್ಪ! ಎಷ್ಟು ಸೊರಗಿದೀಯ. ಬಾ, ಸಾರು ಆರೋಗುತ್ತೆ."

ಅವನು ತಲೆತಗ್ಗಿಸಿ ಅವಳ ಹಿಂದೆ ಮೆಟ್ಟಿಲಿಳಿದ. ತಗ್ಗಿಸಿದ್ದು ಸಾಲಲಿಲ್ಲ. ಅಡುಗೆಮನೆಯ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿದ ಸದ್ದು ನದಿಯ ಆಚೆ ದಂಡೆಗೆ ಕೇಳಿಸಿರಬೇಕು. ಹಾಲ್‌ಗೆ ಹಾಲ್ ಢಿಕ್ಕಿ ಹೊಡೆದಿತ್ತು. ಒಂದು ಬುಟ್ಟಿ ಗಾರೆ ಉದುರಿ ಶಾವಿಗೆಯ ಮೇಲೆ ಬಿತ್ತು.

ಆ ಕಟ್ಟಡದ ಒಂದು ಇಟ್ಟಿಗೆ ಮುಟ್ಟಿದರೂ ಕೈ ಮುರಿಯುತ್ತೇನೆಂದು ಇಡೀ ನಗರಸಭೆಯನ್ನು ನಡುಗಿಸಿದ್ದ ಇರ್ಮಾ, ಒಂದು ಕೈಯಲ್ಲಿ ಆ ದೊಡ್ಡ ಹಣೆಯನ್ನು ಉಜ್ಜುತ್ತಾ, ಇನ್ನೊಂದು ಕೈಯನ್ನು ಅಳಿಯನ ಕಡೆ ಬೀಸಿದಳು:

"ನೋಡ್ತಾ ನಿಂತಿದೀಯಲ್ಲೋ! ಆ ಬಾಗಿಲು ಕೆಡವು! ಮೊದಲಿಂದ ಕಟ್ಟು!"

ಎಲ್ಮರ್ ಸುತ್ತಿಗೆ ತರಲು ಓಡಿದ. ಈ ಸಲ ಬೋರ್ಡು ಬರೆಯುವ ಗೋಜಿಗೆ ಹೋಗಲಿಲ್ಲ.